ಅತ್ತೆಯ ನಮಸ್ಕಾರ ಮತ್ತು ಗೋಡೆಯ ಡಬ್ಬಿ

ಪರದೇಶದ ಲಿನ್‌ವುಡ್ ಊರಿನ ನಮ್ಮ ಅಪಾರ್ಟ್‌ಮೆಂಟಿನ ಹಾಲಿನ ಗೋಡೆಗೆ ನಾನೇ ಒಂದು ರೇಡಿಯೊ ಡಬ್ಬಿ ಹಾಕಿದ್ದೆ. ಅದರಲ್ಲಿ ಕ್ಯಾಮೆರಾ ಇಲ್ಲ, ಮೈಮೇಲೆ ಏನೂ ಕಟ್ಟಿಕೊಳ್ಳಬೇಕಿಲ್ಲ. ಅದು ಕೋಣೆ ತುಂಬ ಅಲೆ ಕಳಿಸಿ, ಅವು ಮೈಗೆ ತಾಗಿ ಮರಳುವ ರೀತಿ ನೋಡಿ, ಮನೆಯಲ್ಲಿರುವ ವಯಸ್ಸಾದವರು ಬಿದ್ದರೆ ನನ್ನ ಫೋನು ಕೂಗುವಂತೆ ಮಾಡಬೇಕು. ಯುನಿವರ್ಸಿಟಿಯಲ್ಲಿ ವರ್ಷಗಟ್ಟಲೆ ಇದಕ್ಕೇ ತಲೆ ಕೆಡಿಸಿಕೊಂಡಿದ್ದೇನೆ. ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಹಾಸಿಗೆಯ ಮೇಲೆ ದೊಪ್ಪೆಂದು ಬೀಳುತ್ತಾರೆ, ಡಬ್ಬಿ ತಪ್ಪದೆ ಹಿಡಿಯುತ್ತದೆ. ನಿಜವಾದ ಮನೆಯಲ್ಲೂ ನೋಡೋಣವೆಂದು ಅತ್ತೆಯ ಒಪ್ಪಿಗೆ ಪಡೆದು ನಮ್ಮಲ್ಲಿ ಹಾಕಿದೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಅತ್ತೆ ಗದಗಿನವರು. ಬೆಳಿಗ್ಗೆ ಸ್ನಾನ ಮುಗಿಸಿ, ಹಾಲಿನ ಮೂಲೆಯ ದೇವರ ಮುಂದೆ ಮೊಣಕಾಲೂರಿ, ಹಣೆ ನೆಲಕ್ಕೆ ಹಚ್ಚಿದರೆಂದರೆ ಮನೆಮಂದಿಯ ಹೆಸರೆಲ್ಲ ಹೇಳಿ ಮುಗಿಯುವ ತನಕ ಏಳುವವರಲ್ಲ. ಡಬ್ಬಿಯ ಲೆಕ್ಕದಲ್ಲಿ ಇದೇನು? ನಿಂತಿದ್ದ ಮೈ ಕೆಳಗೆ ಹೋಯಿತು, ಅಲುಗಾಡುತ್ತಿಲ್ಲ. ಅಂದರೆ ಬಿದ್ದರು! ನಾನು ಟ್ರೇನಿನಲ್ಲಿರುವಾಗ ಫೋನು ಬೊಬ್ಬೆ ಹೊಡೆಯುತ್ತಿತ್ತು, ಎದುರು ಕೂತವರು ದುರುಗುಟ್ಟುತ್ತಿದ್ದರು. ಗಾಬರಿಯಿಂದ ಮನೆಗೆ ಕಾಲ್ ಮಾಡಿದರೆ ಅತ್ತೆ, "ನಮಸ್ಕಾರ ಮಾಡ್ಲಿಕ್ಕತ್ತಿದ್ದೆ, ನಡುವ ಎಬ್ಬಿಸಿದಿ ನೋಡು" ಅನ್ನುತ್ತಿದ್ದರು. ದಿನಾ ಇದೇ ರಾಮಾಯಣ.

ಬಿದ್ದದ್ದು ಯಾವುದು, ಬಾಗಿದ್ದು ಯಾವುದು ಎಂದು ಸೋಸುವ ಫಿಲ್ಟರ್ ಬದಲಿಸಿದೆ, ಫೋನು ಕೂಗುವ ಮಿತಿ ಏರಿಸಿದೆ, ಇಳಿಸಿದೆ. ನಮಸ್ಕಾರವನ್ನು ಬಿಟ್ಟುಬಿಡು ಎಂದು ಡಬ್ಬಿಗೆ ಕಲಿಸಲು ಹೋದರೆ ಅದು ಲ್ಯಾಬಿನಲ್ಲಿ ಮೆಲ್ಲಗೆ ಕುಸಿಯುವವರನ್ನೂ ಬಿಟ್ಟುಬಿಡುತ್ತಿತ್ತು. ನನ್ನ ಜೊತೆ ಕೆಲಸ ಮಾಡುವ ಪ್ರೊಫೆಸರಿಗೆ ನಮ್ಮ ಸಂಶೋಧನೆಯ ಪೇಪರ್ ಅಚ್ಚಿಗೆ ಕಳಿಸುವ ಅವಸರ. ನಿಮ್ಮ ಮನೆಯ ಡೇಟಾ ಅಸಹಜ, ಕೈಬಿಡೋಣ ಎಂದರು. ನನ್ನ ಮೈಯೆಲ್ಲ ಉರಿಯಿತು. ಹಾಸಿಗೆ ಹಾಸಿಕೊಂಡು ಅದರ ಮೇಲೆ ಬೀಳುವುದು ಸಹಜ, ದೇವರಿಗೆ ತಲೆಬಾಗುವುದು ಅಸಹಜವಂತೆ! ಇನ್ನೊಂದು ವಾರ ಕೊಡಿ ಎಂದು ಜಗಳವಾಡಿ, ಹೊಸ ಫಿಲ್ಟರ್ ಬರೆದು ಡಬ್ಬಿಗೆ ತುಂಬಿದೆ.

ಆ ವಾರ ಫೋನು ಕೂಗಲೇ ಇಲ್ಲ. ಗೆದ್ದೆ ಅಂದುಕೊಂಡು ಪ್ರೊಫೆಸರಿಗೆ ಗ್ರಾಫ್ ಕಳಿಸಿದೆ. ಅವರು ಹೊಗಳಿ ಬರೆದರು, ನಿಮ್ಮ ಮನೆಯ ಡೇಟಾ ಪೇಪರಿನಲ್ಲಿ ಇರಲಿ ಎಂದರು. ಮರುದಿನ ಬೆಳಿಗ್ಗೆ ಕಣ್ಣಾರೆ ನೋಡುವ ಆಸೆಯಿಂದ ಮನೆಯಲ್ಲೇ ಉಳಿದೆ. ಅತ್ತೆ ದೀಪ ಹಚ್ಚಿದರು, ನಿಂತಲ್ಲೇ ಕೈಮುಗಿದರು, ಅಡುಗೆಮನೆಯತ್ತ ಹೊರಟರು.

"ಇವತ್ತ ನಮಸ್ಕಾರ ಮಾಡಂಗಿಲ್ಲೇನ್ರಿ?" ಎಂದೆ.

"ಈಗ ಒಂದ್ ವಾರದಿಂದ ನಿಂತಗೊಂಡ ಮಾಡ್ತೀನಿ. ನಿನ್ನ ಕೆಲಸಕ್ಕ ತ್ರಾಸ ಆಗ್ತಿತ್ತಲ್ಲ. ದೇವರಿಗೆ ತಿಳೀತದ, ಪಾಪ, ಅದಕ್ಕ ತಿಳಿಯೂದಿಲ್ಲ" ಎಂದು ಗೋಡೆಯತ್ತ ಕೈ ತೋರಿಸಿದರು.

ನನಗೆ ಅಳುವಷ್ಟು ಸಿಟ್ಟು ಬಂತು. ಡಬ್ಬಿ ಒಂದಕ್ಷರವನ್ನೂ ಕಲಿತಿರಲಿಲ್ಲ. ಕಲಿತವರು ಅತ್ತೆ. ನಾನು ಹೆಮ್ಮೆಯಿಂದ ಕಳಿಸಿದ ಗ್ರಾಫಿನಲ್ಲಿದ್ದದ್ದು ಅವರು ಬಿಟ್ಟುಕೊಟ್ಟ ನಮಸ್ಕಾರ. ಪ್ರೊಫೆಸರಿಗೆ ಏನು ಬರೆಯಬೇಕೋ ಆಮೇಲೆ ನೋಡಿಕೊಂಡರಾಯಿತು ಎಂದು ಮೊದಲು ಡಬ್ಬಿಯ ವೈರು ಕಿತ್ತೆ.

"ಈಗ ಮಾಡ್ರಿ" ಎಂದೆ.

ಅತ್ತೆ ದೇವರ ಮುಂದೆ ಮೊಣಕಾಲೂರಿದರು. ಬಾಗುವ ಮುನ್ನ ಒಮ್ಮೆ ಕತ್ತು ತಿರುಗಿಸಿ ಗೋಡೆಯನ್ನು ನೋಡಿಕೊಂಡರು.