ನೋಡದೆ ತೆಗೆದ ಒಂದು ಮುಖ

"ನಾ ಯಾರನ್ನೂ ನೋಡಿ ಚಿತ್ರ ತಗಿಯಾಂವಲ್ರಿ. ಎಲ್ಲಾ ಇಲ್ಲಿಂದ ಬರತೈತಿ," ಎಂದು ಖಂಡಪ್ಪ ಬಣ್ಣದ ಬೆರಳಿನಿಂದ ಹಣೆ ತಟ್ಟಿಕೊಳ್ಳುತ್ತಿದ್ದ. ತಟ್ಟಿ ತಟ್ಟಿ ಅಲ್ಲೊಂದು ಹಸಿರು ಬೊಟ್ಟು ಕಾಯಂ ಆಗಿತ್ತು.

ವಿಜಾಪುರದ ಗಾಂಧಿ ಚೌಕದಲ್ಲಿ ಅಂಗಡಿಗಳ ಬೋರ್ಡು ಬರೆಯುವುದು ಅವನ ಕಸಬು. ೧೯೫೮ರಲ್ಲಿ ಒಂದು ಖಾನಾವಳಿಯ ಬೋರ್ಡಿನ ಮೇಲೆ ಅವನು ಬರೆದ ಬದನೆಕಾಯಿ ಪಲ್ಯವನ್ನು ನೋಡಿಯೇ ನಾಲ್ಕು ಮಂದಿ ತೇಗಿ, ಉಣ್ಣದೆ ಮನೆಗೆ ಹೋದರಂತೆ. ಸುದ್ದಿ ಕೇಳಿದ ಛಾಪಖಾನೆಯ ಗುರುರಾಜರು ಮಕ್ಕಳಿಗಾಗಿ ಚಿತ್ರಕಥೆಯ ಪುಸ್ತಕ ಮಾಡಲು ಅವನನ್ನು ಹಚ್ಚಿದರು. ಹಾಗೆ ಹುಟ್ಟಿದವನು ಬಿರುಗಾಳಿ ಬಸಣ್ಣ. ಮೊಣಕಾಲ ಮೇಲೆ ಬಿಗಿದ ಕಚ್ಚೆ, ಬೆನ್ನ ಹಿಂದೆ ಹಾರುವ ಕಂಬಳಿ. ಅವನು ಸೀನಿದರೆ ಗೋಳಗುಮ್ಮಟವು ಪ್ರತಿಧ್ವನಿಯ ಏಳರ ಲೆಕ್ಕ ಮರೆತು ಎಂಟು ಸಲ ಸೀನುತ್ತಿತ್ತು. ತಿಕೋಟಾದ ಸಂತೆಯಲ್ಲಿ ಹರವಿದ ಪುಸ್ತಕ ನೆಲ ಮುಟ್ಟುವ ಮೊದಲೇ ಮಾರಿಹೋಗುತ್ತಿತ್ತು. ಬಬಲೇಶ್ವರದ ಹುಡುಗರಂತೂ ಕಂಬಳಿ ಕಟ್ಟಿಕೊಂಡು ಬಣವೆಯಿಂದ ಜಿಗಿಜಿಗಿದು, ಊರಿನ ಅರ್ಧ ಮೊಣಕಾಲುಗಳಿಗೆ ಅರಿಸಿನದ ಪಟ್ಟಿ ಬಿತ್ತು.

ಐದನೆಯ ಪುಸ್ತಕಕ್ಕೆ ಒಬ್ಬ ರಾಕ್ಷಸ ಬೇಕಾದ, ಊರ ಬಾವಿಯನ್ನೆಲ್ಲ ಒಂದೇ ಗುಟುಕಿಗೆ ಕುಡಿಯುವ ಬಾವಿಬಾಕ. ಅಚ್ಚಿನ ಬ್ಲಾಕು ಮಾಡಿಸಲು ಚಿತ್ರಗಳು ಸಂಜೆಯ ರೈಲಿಗೆ ಸೊಲ್ಲಾಪುರಕ್ಕೆ ಹೋಗಬೇಕು. ಖಂಡಪ್ಪ ಎಷ್ಟು ತಟ್ಟಿದರೂ ಹಣೆಯಿಂದ ಏನೂ ಬರಲಿಲ್ಲ. ತಲೆ ಎತ್ತಿದ. ಎದುರಿನ ಬೇವಿನ ಗಿಡದ ಕೆಳಗೆ ಟಾಂಗಾದ ರೇವಪ್ಪ ಆಕಳಿಸುತ್ತಿದ್ದ. ಪೊದೆ ಮೀಸೆ, ಬಿದ್ದುಹೋದ ಮುಂದಿನ ಹಲ್ಲು, ಕುದುರೆ ಒದ್ದು ಸೀಳಿದ ಎಡಹುಬ್ಬು. ಖಂಡಪ್ಪ ಆ ಆಕಳಿಕೆಯನ್ನು ಇದ್ದ ಹಾಗೆಯೇ ಹಾಳೆಗೆ ಇಳಿಸಿದ. ಎರಡು ಕೊಂಬು ಮಾತ್ರ ಸ್ವಂತದ್ದು.

ಪುಸ್ತಕ ಹೊರಬಿದ್ದ ವಾರದಲ್ಲೇ ಸಿದ್ಧೇಶ್ವರ ಗುಡಿ ಕಡೆಯ ಶಾಲೆಯ ಮಕ್ಕಳು ರೇವಪ್ಪನ ಟಾಂಗಾ ಕಂಡರೆ ಓಡತೊಡಗಿದವು. ಅವನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಮಕ್ಕಳನ್ನು ಶಾಲೆಗೆ ಒಯ್ಯುವ ಬಾಡಿಗೆಯಿಂದ. ಪುಸ್ತಕವನ್ನೇ ಕಾಣದ ರೇವಪ್ಪನಿಗೆ ಕಾರಣ ಹೊಳೆಯಲಿಲ್ಲ. ಖಂಡಪ್ಪನಿಗೆ ಹೊಳೆಯಿತು. ಹೇಳಿಬಿಡೋಣವೆಂದು ಇಬ್ರಾಹಿಂಪುರದ ಅವನ ಮನೆಗೆ ಹೋದರೆ, ರೇವಪ್ಪ ಮೀಸೆ ಬೋಳಿಸಿಕೊಂಡು ಕೂತಿದ್ದ.

"ಕೂಸುಗೋಳು ನನ್ನ ನೋಡಿ ಅಂಜಾಕತ್ತಾವೋ ಖಂಡ್ಯಾ. ಮೀಸಿಗೆ ಅಂಜತಾವೇನೋ ಅಂತ ತಗಿಸಿದೆ."

"ಈಗ ನೋಡಿ ನಾನೂ ಅಂಜಾಕತ್ತೇನಿ," ಎಂದಳು ಹೆಂಡತಿ ದುಂಡವ್ವ. "ಉಣ್ಣಾಕ ಬಾರೋ ತಮ್ಮಾ. ನೀ ಯಾಕ ಹಿಂಗ ಬಾಡೀದಿ?"

ಖಂಡಪ್ಪ ರೊಟ್ಟಿ ತಿಂದ, ಅದರ ಜೊತೆಗೆ ಮಾತನ್ನೂ ನುಂಗಿದ, ಎದ್ದು ಬಂದ. ಆ ಬೋಳು ತುಟಿ ರೈಲು ಹಳಿ ದಾಟಿ ಚೌಕದವರೆಗೂ ಅವನ ಹಿಂದೆಯೇ ಬಂತು.

ಆರನೆಯ ಪುಸ್ತಕದಲ್ಲಿ ಬಸಣ್ಣ ಬಾವಿಬಾಕನ ಮುಖಕ್ಕೆ ಕೈಹಾಕಿ ಕಿತ್ತ. ಅದು ಮುಖವಾಡ, ಒಬ್ಬ ಒಳ್ಳೆಯ ಟಾಂಗಾದವನಿಂದ ಕದ್ದದ್ದು. ಒಳಗಿದ್ದವನು, ಹಣೆಯಲ್ಲಿ ಹಸಿರು ಬೊಟ್ಟಿನ ಒಬ್ಬ ಬೋರ್ಡು ಬರೆಯುವವ. ಕೊನೆಯ ಪುಟದಲ್ಲಿ ಬಸಣ್ಣ ಹಾರುವುದನ್ನೇ ಬಿಟ್ಟು ಟಾಂಗಾ ಹತ್ತಿ ಊರಿಗೆ ಹೋದ.

ಮರುವಾರ ಟಾಂಗಾದಲ್ಲಿ ಜಾಗಕ್ಕಾಗಿ ಮಕ್ಕಳು ಕಚ್ಚಾಡಿದವು. ಕುದುರೆಗೂ ಸೊಕ್ಕು ಬಂದು, ಬಸ್ಸಿಗೆ ದಾರಿ ಬಿಡುವುದನ್ನು ನಿಲ್ಲಿಸಿತು. ಚೌಕದಲ್ಲಿ "ಬಾವಿಬಾಕ" ಎಂಬ ಕೂಗು ಈಗ ಖಂಡಪ್ಪನ ಬೆನ್ನು ಹತ್ತಿತು. ಎರಡೂ ಪುಸ್ತಕ ಹಿಡಿದು ಅವನು ಮತ್ತೆ ಇಬ್ರಾಹಿಂಪುರಕ್ಕೆ ಹೋಗಿ, ರೇವಪ್ಪನ ಮುಂದೆ ತೆರೆದಿಟ್ಟ.

ರೇವಪ್ಪ ಮೊದಲನೆಯದನ್ನು ಬಹಳ ಹೊತ್ತು ನೋಡಿದ. "ಹಲ್ಲು, ಹುಬ್ಬು ಒಂದೂ ಬಿಟ್ಟಿಲ್ಲಲ್ಲೋ ಕಳ್ಳಾ. ನೋಡಿ ತಗಿಯಾಂವಲ್ಲ ಅಂತಿದ್ದಿ?"

"ನೋಡೇ ತಗದೆ. ತಪ್ಪಾತು."

ರೇವಪ್ಪ ಎರಡನೆಯದನ್ನು ತಿರುವಿದ. ಅವನ ಹೊಸ ಮೀಸೆ ಸ್ವಲ್ಪ ಅಲುಗಿತು. "ನಿನ್ನ ಮಾರಿ ಮಾತ್ರ ಒಂಚೂರೂ ಹೊಂದಂಗಿಲ್ಲ. ಬೊಟ್ಟು ಅಳಿಸಿದ್ರ ಇಂವಾ ಯಾರೋ ಬ್ಯಾರೇನ. ಮನ್ಯಾಗ ಕನ್ನಡಿ ಇರಲಿಲ್ಲೇನಲೇ?"

"ಇತ್ತೋ ಯಣ್ಣಾ. ಅದರ ಮುಂದ ನಿಲ್ಲಾಕ ಧೈರ್ಯ ಇರಲಿಲ್ಲ," ಎಂದ ಖಂಡಪ್ಪ. "ನಾ ಯಾರನ್ನೂ ನೋಡದ ತಗದದ್ದು ಅಂದ್ರ ಇದೊಂದ ನೋಡು."