ಮಂದು ನಿಲ್ಲಿಸಿದ ಮಾವ

ಸ್ನೇಹಿತರೇ, ಇವತ್ತು ಒಂದೇ ಒಂದು ಪದಕ್ಕೆ ಆದ ಖರ್ಚು: ಹೋಳೂರಿನಿಂದ ಕೋಲಾರದ ಆಸ್ಪತ್ರೆಗೆ ಆಟೋ, ನನ್ನ ಅರ್ಧ ದಿನದ ವ್ಯಾಪಾರ, ನಮ್ಮ ಮಾವನ ತಲೆಸುತ್ತು.

“ಬಿ.ಪಿ. ಮಾತ್ರೆ ಯಾಕ್ರೀ ಬಿಟ್ರಿ?” ಹೊಸದಾಗಿ ತೆಲುಗು ಕಲಿತ ಡಾಕ್ಟರು ರೇಗಿದರು.

“ನೀವೇ ಅಲ್ವಾ ಸಾರ್, ಹೋದ ಸಲ ‘ಮಂದು ಬಂದ್ ಮಾಡು’ ಅಂದಿದ್ದು?” ಎಂದರು ತೆಲುಗು ಮನೆಮಾತಿನ ಮಾವ.

ನರ್ಸಮ್ಮ ಸುಮ್ಮನಿರಲಿಲ್ಲ. “ಸಾರ್, ತೆಲುಗಲ್ಲಿ ಬ್ರಾಂದಿಗೂ ಮಂದು, ಔಷಧಿಗೂ ಮಂದು. ಬಯ್ಯಬೇಡಿ, ಬಿಡಿಸಿ ಹೇಳಿ.” ಆಮೇಲೆ ಮಾವನಿಗೆ, “ತಾತಾ, ಮಾತ್ರೆ ದಿನಾ ನುಂಗು, ಬ್ರಾಂದಿ ಬಿಡು. ಈಗ ಏನ್ ಮಾಡ್ತೀಯಾ, ನೀನೇ ಹೇಳು?”

“ಬ್ರಾಂದೀನೂ ಬಿಡ್ಬೇಕೇನಮ್ಮಾ?”

ಆಕೆ ಹೊರಗೆ ಕಾದಿದ್ದವರನ್ನೂ ವಿಚಾರಿಸಿದರು. ಇನ್ನಿಬ್ಬರು ಹೀಗೇ ಮಾತ್ರೆ ಬಿಟ್ಟಿದ್ದರು! ಬಾರದೇ ಉಳಿದವರ ಯೋಚನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಲಾಭದ ಲೆಕ್ಕ ಇಷ್ಟು: ಮಾವನಿಗೆ ಮಾತ್ರೆ, ಡಾಕ್ಟರಿಗೆ ಒಂದು ಪದದ ಇನ್ನೊಂದು ಅರ್ಥ, ನನಗೆ ಸಂಜೆ ಹೊತ್ತು ಮಾವನನ್ನು ಕಾಯುವ ಕೆಲಸ.