ಶಿಲುಬೆ ಗುರುತಿನ ಕುಳ್ಳು

ದೇವರ ಮಾತನ್ನು ನಾನು ಚರ್ಚಿಗಿಂತ ಹೆಚ್ಚಾಗಿ ಕೇಳಿದ್ದು ನಮ್ಮ ಹಿತ್ತಲಿನಲ್ಲಿ. ಅಪ್ಪ ಧಾರವಾಡದ ಮಿಶನ್ ಸಾಲೆಯ ಮಾಸ್ತರ. ಬದನೆ ಸಸಿಗೆ ನೀರು ಹಾಕುತ್ತ ಬಿತ್ತುವವನ ಸಾಮ್ಯ ಹೇಳುತ್ತಿದ್ದ, ಮೆಂತ್ಯದ ಮಡಿಯಲ್ಲಿ ಕಳೆ ಕೀಳುತ್ತ ಪಾಪದ ಮಾತು ತೆಗೆಯುತ್ತಿದ್ದ. ‘ಮನಷ್ಯಾ ಸುಳ್ಳ ಹೇಳ್ತಾನ, ಮಣ್ಣ ಹೇಳೂದಿಲ್ಲವ್ವಾ’ ಎನ್ನುವುದು ಅವನ ಪಲ್ಲವಿ. ನನಗೋ ಬೇಸರ. ಈ ಪುರಾಣ ಮುಗಿದು ಎಳೆ ಸವತೆಕಾಯಿ ಯಾವಾಗ ಕೈಗೆ ಬಂದೀತು ಎಂದು ಕಾಯುತ್ತಿದ್ದೆ.

ಅಪ್ಪ ಹೆಬ್ಬಳ್ಳಿಯ ಒಕ್ಕಲುತನದ ಮನೆಯವನು. ದೀಕ್ಷಾಸ್ನಾನ ಪಡೆದ ದಿನವೇ ಆ ಮನೆಯ ಬಾಗಿಲು ಅವನಿಗೆ ಮುಚ್ಚಿತು. ಅವನ ತಾಯಿ, ನಮ್ಮ ಆಯಿ, ಮಾತ್ರ ಶ್ರಾವಣದಲ್ಲೊಮ್ಮೆ ಸಂತೆಗೆ ಬಂದವಳು ನಮ್ಮ ಬೇಲಿಯವರೆಗೆ ಬರುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ, ನಮ್ಮ ನೀರು ಮುಟ್ಟುತ್ತಿರಲಿಲ್ಲ. ಬೇಲಿಗೆ ಹಬ್ಬಿದ ಬಳ್ಳಿಯಿಂದ ಒಂದೇ ಒಂದು ಸವತೆಕಾಯಿ ಹರಿದು, ಸೆರಗಿಗೆ ಒರೆಸಿ, ಅಲ್ಲೇ ನಿಂತು ತಿನ್ನುತ್ತಿದ್ದಳು. ‘ಇದು ನನ್ನ ಬೀಜ. ಇದಕ್ಯಾತರ ಮೈಲಿಗಿ?’ ಎನ್ನುತ್ತಿದ್ದಳು. ಅಪ್ಪ ಮನೆ ಬಿಟ್ಟ ದಿನ ಅವನ ರುಮಾಲಿನ ತುದಿಗೆ ಅವಳೇ ಕಟ್ಟಿಕೊಟ್ಟ ಬೀಜ ಅದು. ಗಿಡ್ಡನೆಯ, ದುಂಡಗಿನ, ಬಿಳಿ ಗೆರೆಯ ಕಾಯಿ, ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಅವಳು ತಿಂದು ಮುಗಿಸುವವರೆಗೆ ಅಪ್ಪ ಬೇಲಿಯ ಈಚೆ ಕೈಕಟ್ಟಿ ನಿಂತಿರುತ್ತಿದ್ದ. ವರ್ಷಕ್ಕೆ ಅಷ್ಟೇ ಅವನಿಗೆ ಅವ್ವ.

ಅದಕ್ಕೇ ಆ ಬೀಜದ ಕೆಲಸವನ್ನು ಅವನು ಯಾರಿಗೂ ಬಿಡುತ್ತಿರಲಿಲ್ಲ. ತೊಳೆದು ಒಣಗಿಸಿ, ಬೂದಿ ಹಚ್ಚಿ, ಹುಳ ಹತ್ತದಂತೆ ಸಗಣಿಯೊಳಗೆ ಒತ್ತಿ ಹಿತ್ತಲ ಗೋಡೆಗೆ, ಸೂರಿನಡಿ ಬಡಿಯುತ್ತಿದ್ದ. ಅದೇ ಗೋಡೆಗೆ ನಮ್ಮವ್ವ ಒಲೆಗೆಂದು ಬಡಿದ ಸಗಣಿಯ ಕುಳ್ಳುಗಳೂ ಇದ್ದವು. ಗುರುತಿಗೆಂದು ಅಪ್ಪ ತನ್ನ ಕುಳ್ಳಿನ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆಯುತ್ತಿದ್ದ. ‘ಮಾಸ್ತರು ಕುಳ್ಳಿಗೂ ದೀಕ್ಷಾಸ್ನಾನ ಮಾಡಿಸ್ಯಾರ ನೋಡ್ರಿ’ ಎಂದು ಅವ್ವ ನಗುತ್ತಿದ್ದಳು.

ನನಗೆ ಹತ್ತು ವರ್ಷ. ಮುಂಗಾರಿನ ಮೊದಲ ಮಳೆ ಧೋ ಎಂದು ಬಂತು. ‘ಕುಳ್ಳ ತೊಯ್ತಾವ, ಲಗೂನ ತಗೊಂಡ ಬಾ’ ಎಂದು ಅವ್ವ ಒಳಗಿನಿಂದ ಕೂಗಿದಳು. ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ಬುಟ್ಟಿಗೆ ತುಂಬಿದೆ. ಗುರುತು ನೋಡುವ ತಾಳ್ಮೆ ನನಗೆಲ್ಲಿಯದು? ಮರುದಿನ ಒಲೆ ಹೊತ್ತಿಸಿ ಎರಡನೆಯ ಕುಳ್ಳು ಇಟ್ಟದ್ದೇ ತಡ, ಅದರೊಳಗಿಂದ ಚಟ್ ಚಟ್ ಎಂದಿತು. ಹುರಿದ ಬೀಜದ ವಾಸನೆ! ಹೊರಗೆಳೆದು ನೋಡಿದರೆ ಶಿಲುಬೆಯ ಅರ್ಧ ಗೆರೆ ಕೆಂಪಗೆ ಉರಿಯುತ್ತಿತ್ತು. ನಮ್ಮಲ್ಲಿದ್ದ ಬೀಜವೆಲ್ಲ ಅದೊಂದರಲ್ಲೇ ಇತ್ತು.

ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಕಾಯಿಪಲ್ಲೆ ಮಾರಲು ಬರುತ್ತಿದ್ದ ಮುಗದ ಊರಿನ ಮುದುಕಿಯನ್ನು ಕಾಡಿ ಬೇಡಿ ಒಂದು ಹಿಡಿ ಸವತೆ ಬೀಜ ತೆಗೆದುಕೊಂಡೆ. ಸಗಣಿಯಲ್ಲಿ ಒತ್ತಿ, ಅದೇ ಜಾಗಕ್ಕೆ ಬಡಿದು, ನನ್ನ ಹೆಬ್ಬೆರಳಿನಿಂದ ಶಿಲುಬೆ ಎಳೆದೆ. ಸುಳ್ಳಿನ ಮೇಲೆ ಶಿಲುಬೆ! ಆ ಬೆರಳನ್ನು ಎಷ್ಟು ತೊಳೆದರೂ ಸಮಾಧಾನವಾಗಲಿಲ್ಲ.

ಅಪ್ಪ ಪ್ರಾರ್ಥನೆ ಮಾಡಿ ಅದನ್ನೇ ಬಿತ್ತಿದ. ಕಾಯಿ ಉದ್ದಕ್ಕೆ, ಹಸಿರಾಗಿ ಇಳಿದವು. ‘ಇದ ಹೆಂಗಾತು?’ ಎನ್ನುತ್ತ ಅವನು ಬಳ್ಳಿಯ ಮುಂದೆ ಬಹಳ ಹೊತ್ತು ಕೂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡೆ.

ಶ್ರಾವಣದಲ್ಲಿ ಆಯಿ ಬಂದಳು. ಚಾಚಿದ ಕೈ ಹಾಗೆಯೇ ನಿಂತಿತು. ಒಂದು ಎಲೆ ಎತ್ತಿ ನೋಡಿದಳು, ಇನ್ನೊಂದು, ಮತ್ತೊಂದು.

‘ನನ್ನ ಬೀಜ ಎಲ್ಲೈತೋ ತಮ್ಮಾ?’

‘ಬಿತ್ತಿದ್ದು ನಿಂದ ಬೀಜ ಯವ್ವಾ. ದೇವರಾಣಿ.’ ಆಣೆ ಇಡಬಾರದೆಂದು ನಮಗೆ ಕಲಿಸಿದ ಅಪ್ಪ ಅಂದು ಆಣೆ ಇಟ್ಟ.

‘ನನ್ನ ಬೀಜದ ಗುರ್ತ ನನಗ ಹತ್ತೂದಿಲ್ಲೇನು? ಅದೊಂದ ಉಳದಿತ್ತು. ಅದೂ ಬ್ಯಾಡಾತಲ್ಲ ನಿನಗ.’

ಸೆರಗು ತಲೆಗೆಳೆದುಕೊಂಡು ಹೊರಟೇಹೋದಳು. ನಾನು ಬಾಗಿಲ ಸಂದಿಯಲ್ಲಿದ್ದೆ. ಹತ್ತು ಹೆಜ್ಜೆ ಓಡಿದ್ದರೆ ಸಾಕಿತ್ತು. ಮುಂದಿನ ಶ್ರಾವಣಕ್ಕೆ ಅವಳು ಬರಲಿಲ್ಲ. ಸತ್ತ ಸುದ್ದಿ ನಮಗೆ ಬಂದದ್ದು ಮಣ್ಣು ಕೊಟ್ಟ ಮೇಲೆ.

ಆಮೇಲೆ ನನಗೆ ಹಿತ್ತಲೆಂದರೆ ಭಯ. ನೀರು ಹಾಕಲು ಹೋದರೆ ಬೇಲಿಯ ಎಲೆಗಳು ಒಂದೊಂದಾಗಿ, ಯಾರೋ ಎತ್ತಿ ನೋಡಿದಂತೆ ಅಲುಗುತ್ತಿದ್ದವು. ಗಾಳಿ ಎನ್ನುತ್ತೀರಿ. ನನಗೆ ಗಾಳಿ ಗೊತ್ತಿಲ್ಲವೇ? ಗಾಳಿ ಎಲ್ಲ ಎಲೆಗಳನ್ನೂ ಅಲುಗಿಸುತ್ತದೆ. ಒಗ್ಗರಣೆಯ ಸಾಸಿವೆ ಚಟ್ ಎಂದರೂ ಬೆಚ್ಚಿ ಬೀಳುತ್ತಿದ್ದೆ.

ತಡೆಯಲಾರದೆ ಒಂದು ದಿನ, ಮಡಿ ಅಗೆಯುತ್ತಿದ್ದ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಗುದ್ದಲಿ ನಿಂತಿತು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ‘ಹಂಗಾರ, ನಾನ ಆ ಬೀಜಾ ಒಗದಬಿಟ್ಟೆ ಅಂತ ತಿಳಕೊಂಡ ಸತ್ತಳಾ?’ ಎಂದ. ಕೇಳಿದ್ದು ನನ್ನನ್ನಲ್ಲ, ಬೇಲಿಯನ್ನು.

ಅಂದು ಸಂಜೆ ಮನೆಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲಿಗೆ ಬಂದು ಅಪ್ಪನ ದನಿ ನಿಂತುಬಿಟ್ಟಿತು. ಅವ್ವ ಕಣ್ಣು ತೆರೆದು ನೋಡಿದಳು. ಬಹಳ ಹೊತ್ತಿನ ಮೇಲೆ ಅವನ ಕೈ ನನ್ನ ತಲೆಯ ಮೇಲೆ ಬಂತು. ಆಮೇಲೆ ಆ ಸಾಲನ್ನು ಹೇಳಿ ಮುಗಿಸಿದ. ಕ್ಷಮೆ ಬಾಯಿಪಾಠವಲ್ಲ, ಮೈಮುರಿಯುವ ಕೆಲಸ ಎಂದು ನಾನು ಕಲಿತದ್ದು ಆವತ್ತು.

ಅಪ್ಪ ತೀರಿಹೋದ ಮೇಲೆ, ಆ ಬೀಜ ಕೇಳಲೆಂದು ಹೆಬ್ಬಳ್ಳಿಗೆ ಹೋದೆ. ಅವನ ಸಮಾಧಿಯ ಪಕ್ಕ ಒಂದು ಬಳ್ಳಿ ಹಬ್ಬಿಸುವ ಆಸೆ. ಅವನ ತಮ್ಮನ ಹೆಂಡತಿ, ನನ್ನ ಕಾಕು, ಕಟ್ಟೆಯ ಮೇಲೆಯೇ ಕೂರಿಸಿ ಮಾತಾಡಿಸಿದಳು.

‘ಎಲ್ಲಿ ಬೀಜವ್ವಾ? ಕಡೀ ಸಲ ಸಂತಿಗೆ ಹೋದ ಶ್ರಾವಣದಾಗ ನಿಮ್ಮ ಆಯಿ ಮನಿಗೆ ಬಂದಾಕಿನ, ಮನ್ಯಾಗ ಇದ್ದಬದ್ದ ಬೀಜಾ ಎಲ್ಲಾ ಒಲಿಗೆ ಹಾಕಿಬಿಟ್ಲು. ಯಾಕಂತ ಕೇಳಿದ್ರ ಬಾಯಿ ಬಿಡಲಿಲ್ಲ. ಚಟಚಟ ಅನ್ನೂದನ್ನ ಕೇಳ್ಕೋತ ಒಲಿ ಮುಂದ ಕುಂತಿದ್ಲು.’